ತೆಳ್ಳನೆಯ ಟೀವಿ

ಹಳೆಯ ಡಬ್ಬಾ ಟೀವಿಗಳ ಕಾಲದಲ್ಲಿ ಜುಲ್ಫೀಕಾರನ ಕೈ ತಪ್ಪಿದ್ದನ್ನು ಭಾಲ್ಕಿಯಲ್ಲಿ ಯಾರೂ ಕಂಡಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಊರೂರಿನ ಟೀವಿಗಳನ್ನು ಬಿಚ್ಚಿ ಜೋಡಿಸಿದವನು ಅವನು. ತೆಳ್ಳನೆಯವು ಬಂದ ಮೇಲೆ ಧೈರ್ಯ ಕುಗ್ಗಿತು. ಹೋದ ತಿಂಗಳು ಔರಾದಿನಲ್ಲಿ ಒಂದರ ಹಿಂಬದಿ ಬಿಚ್ಚುವಾಗ ಪರದೆ ಹಪ್ಪಳದಂತೆ ಒಡೆದಿತ್ತು. ಇನ್ನೊಂದು ಒಡೆದರೆ ಈ ಕೆಲಸವನ್ನೇ ಬಿಟ್ಟು, ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಭಾವ ಫಕ್ರೋದ್ದೀನನ ಅಂಗಡಿಗೆ ತೊಗರಿ ತೂಗಲು ಹೋಗುತ್ತೇನೆ ಎಂದು ಹೆಂಡತಿ ಮುನ್ನಿಬೀಗೆ ಹೇಳಿಬಿಟ್ಟಿದ್ದ.

ಆಯುಧಪೂಜೆ, ದಸರೆ ಮುಗಿದ ಮರುದಿನ ಎಕಂಬಾ ಹಳ್ಳಿಯಿಂದ ಸುಮಿತ್ರಾಬಾಯಿ ತನ್ನ ತೆಳ್ಳನೆಯ ಟೀವಿ ನೋಡಲು ಕರೆಸಿದಳು.

“ಖಂಡೆ ಪೂಜಾ ದಿನದಿಂದ ಹತ್ತವಲ್ದು ನೋಡ್ರಿ ಭಾಯಿ. ಮುನಿಸ್ಕೊಂಡ ಅಳಿಯನಂಗ ಕೂತದ,” ಎಂದಳು ಆ ಮುದುಕಿ.

“ಮದಲ ಹೊರಗಿಂದ ನೋಡ್ತೇನಿ ಅಕ್ಕಾರ. ಬಿಚ್ಚೂದು ಕಡೀಕ.”

ಪ್ಲಗ್ಗಿಗೆ ಟೆಸ್ಟರ್ ಹಿಡಿದ. ಕರೆಂಟಿತ್ತು. ಟೀವಿಯ ಕೆಳಅಂಚಿನಲ್ಲಿ ಕೆಂಪು ದೀಪವೂ ಉರಿಯುತ್ತಿತ್ತು. ರಿಮೋಟಿಗೆ ಹೊಸ ಸೆಲ್ ಹಾಕಿ, ಮೊಬೈಲಿನ ಕ್ಯಾಮೆರಾದ ಮುಂದೆ ಒತ್ತಿ ನೋಡಿದ. ಅದರ ತುದಿಯಲ್ಲಿ ನೇರಳೆ ಬೆಳಕು ಮಿನುಗಿತು. ರಿಮೋಟು ಸರಿಯಿದೆ. ಹಿಂದೆ ಕೈ ಹಾಕಿ ಗುಂಡಿ ಒತ್ತಿದಾಗ ಟೀವಿಯೂ ಹತ್ತಿತು. ಆದರೆ ರಿಮೋಟಿನಿಂದ ಮಾತ್ರ ಆರಲಿಲ್ಲ, ಮತ್ತೆ ಹತ್ತಲೂ ಇಲ್ಲ.

ಅಂದರೆ ರಿಮೋಟಿನ ಸನ್ನೆ ಹಿಡಿಯುವ ಕಣ್ಣು ಕೆಟ್ಟಿದೆ. ಅದು ಒಳಗಿರುತ್ತದೆ. ಬಿಚ್ಚಲೇಬೇಕು.

ಜುಲ್ಫೀಕಾರ ಟೀವಿ ಮಲಗಿಸಲು ನೆಲಕ್ಕೆ ಗಾದಿ ಹಾಸಿಸಿದ. ಬಿಸ್ಮಿಲ್ಲಾ ಎಂದು ಮಂಡಿಯೂರಿ, ಎರಡು ಕೈಯಿಂದ ಕೆಳಅಂಚು ಹಿಡಿದ. ಆಗ ಕಂಡಿತು. ಕೆಂಪು ದೀಪದ ಪಕ್ಕದ ಕರಿಗಾಜಿನ ಮೇಲೆ ಒಣಗಿ ಗಟ್ಟಿಯಾದ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ.

ಅವನು ಟೀವಿಯಿಂದ ಕೈ ತೆಗೆದ.

“ಅಕ್ಕಾರ, ಇದನ್ನ ನೀವೇ ಒರಸ್ರಿ. ಪೂಜಾದ್ದು, ನಾ ಒರಸೂದು ಬ್ಯಾಡ.”

“ಅಯ್ಯ ಶಿವನೇ! ಟ್ರಾಕ್ಟರಿಗಿ ಹಚ್ಚೀನಿ, ಹೊಲಿಗಿ ಮಿಷನ್ನಿಗಿ ಹಚ್ಚೀನಿ. ಅವು ಸುಮ್ಮ ನಡದಾವ. ಇದಕ್ಕೇನ ಧಾಡಿರಿ?”

“ಇದರ ಕಣ್ಣ ಆ ಗಾಜಿನ ಹಿಂದ ಅದರಿ, ವಿಭೂತಿ ಮುಚ್ಚೇದ. ಮುಂದಿನ ವರ್ಷ ಮ್ಯಾಲಿನ ಮೂಲ್ಯಾಗ ಹಚ್ರಿ.”

ಸುಮಿತ್ರಾಬಾಯಿ ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಜುಲ್ಫೀಕಾರ ರಿಮೋಟು ಒತ್ತಿದ. ಟೀವಿ ಹತ್ತಿತು. ಆರಿಸಿದ, ಮತ್ತೆ ಹಚ್ಚಿದ. ನಂಬಿಕೆಯಾಗಲೆಂದು ಮೂರನೆಯ ಸಲವೂ ಹಚ್ಚಿದ.

“ಸಾಕ್ ಬಿಡ್ರಿ ಭಾಯಿ, ಸೆಲ್ ತೀರ್ತಾವ!” ಎಂದು ನಗುತ್ತ ಅವಳು ಚಹಾ ತಂದಳು.

ಬಿಚ್ಚಲೇಬೇಕಾದ ಟೀವಿ ನಾಳೆಯೋ ನಾಡಿದ್ದೋ ಬಂದೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಇವತ್ತಿನದಂತೂ ಅಲ್ಲ, ಅದು ಬಂದಾಗ ನೋಡಿದರಾಯಿತು. ಬಸ್ಸು ಕಾಯುತ್ತ ಮುನ್ನಿಬೀಗೆ ಫೋನ್ ಹಚ್ಚಿ, ಫಕ್ರೋದ್ದೀನನಿಗೆ ತನ್ನ ದಾರಿ ಕಾಯಬೇಡವೆಂದು ತಿಳಿಸಲು ಹೇಳಿದ. ಸ್ಕ್ರೂಡ್ರೈವರ್ ಚೀಲದಿಂದ ಹೊರಬಂದೇ ಇರಲಿಲ್ಲ.