ನಾಲ್ಕನೇ ಗೋಡೆ ಎಂದು ಸರ್ ಎಳೆದ ಗೆರೆ

ಮೊನ್ನೆ ನಾನು ಪಾಠ ಹೇಳುವ ಬಾದಾಮಿಯ ಕಾಲೇಜಿನಲ್ಲಿ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ ವಿದ್ಯಾರ್ಥಿಯೊಬ್ಬ ಸಣ್ಣ ಬಾಟಲಿಯಿಂದ ಅಂಟು ತೆಗೆದು, ಮೇಲ್ದುಟಿಗೆ ಹಚ್ಚಿಕೊಂಡು ಮೀಸೆ ಕೂರಿಸುತ್ತಿದ್ದ. ಆ ಅಂಟಿನ ವಾಸನೆ... ರಾಳ ಮತ್ತು ಸ್ಪಿರಿಟ್ ಬೆರೆತು ಮೂಗಿನ ಬುಡಕ್ಕೆ ಏರುವ ವಾಸನೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಾನು ಓದಿದ ಇಳಕಲ್ಲಿನ ಕಾಲೇಜಿನ ರಂಗದ ಮಗ್ಗುಲಲ್ಲಿ, ಪರದೆಯ ಹಿಂದೆ ನಾನು ಕೂತಿದ್ದ ಸಂಜೆ ಇದೇ ವಾಸನೆ ತುಂಬಿತ್ತು. ಎದುರಿನ ಮಗ್ಗುಲಲ್ಲಿ ಸರ್ ನಿಂತಿದ್ದರು.

ಸರ್ ಹುನಗುಂದದವರು. ಬಿ.ಎ.ಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಪಠ್ಯಕ್ಕೆ ಅಮೆರಿಕದ ಒಂದು ಹಳೆಯ ನಾಟಕವಿತ್ತು. ಸಣ್ಣ ಊರು, ಒಂದೇ ಮನೆ, ಊಟದ ಮೇಜಿನ ಸುತ್ತ ಕೂತ ಒಂದು ಕುಟುಂಬ. ಗೈಡ್ ಕೊಂಡು ಬಾಯಿಪಾಠ ಮಾಡಿದ್ದರೆ ನಾವು ಪಾಸಾಗುತ್ತಿದ್ದೆವು. ಸರ್ ಹಾಗೆ ಬಿಡಲಿಲ್ಲ. ನಮ್ಮನ್ನು ಹಳೆಯ ಸಭಾಂಗಣಕ್ಕೆ ಕರೆದೊಯ್ದು ರಂಗದ ಮೇಲೆ ನಿಲ್ಲಿಸಿ ಒಂದೊಂದೇ ಶಬ್ದ ಕಲಿಸಿದರು. ಕ್ಯೂ ಎಂದರೆ ನಟನಿಗೆ ಸಿಗುವ ಸೂಚನೆ. ತಾವು ಕೆಮ್ಮಿದ ಕೂಡಲೇ ಒಳಗೆ ಬರಬೇಕೆಂದು ಸರ್ ಒಬ್ಬನಿಗೆ ಹೇಳಿದ್ದರು. ಮಾತಿನ ನಡುವೆ ಅವರು ನಿಜವಾಗಿಯೇ ಕೆಮ್ಮಿದಾಗಲೂ ಅವನು ಓಡಿಬಂದ. "ಲೇ, ಇದು ಕ್ಯೂ ಅಲ್ಲಲೇ, ನೆಗಡಿ!" ಎಂದರು. ಆ ದಿನ ನಕ್ಕಷ್ಟು ನಾನು ಅವ್ವ ಹೋದಮೇಲೆ ನಕ್ಕಿರಲಿಲ್ಲ.

ಇನ್ನೊಂದು ದಿನ ರಂಗದ ಅಂಚಿಗೆ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆದರು. ಮೂರು ಕಡೆ ಮನೆಯ ಗೋಡೆ ಇರುತ್ತದೆ, ಪ್ರೇಕ್ಷಕರ ಕಡೆಗಿನ ನಾಲ್ಕನೆಯದು ಕಾಣದ ಗೋಡೆ ಎಂದು ವಿವರಿಸಿದರು. ಅಲ್ಲಿ ಜನ ಕೂತಿದ್ದಾರೆಂದು ನಟನಿಗೆ ಗೊತ್ತೇ ಇರಬಾರದು. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಹಾಗಿಲ್ಲ. ಮಾತು ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ, ನಟರು ನಿಂತು ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾರೆ. ಸರ್ ಅದನ್ನು ಮೊದಲೇ ತಡೆದರು. "ಗಂಟಲ ಹರಿಯೂಮಟ ಒದರಲಿ, ತಿರುಗಿ ಹೇಳಬ್ಯಾಡ್ರಿ. ಒಮ್ಮೆ ಗ್ವಾಡಿ ಒಡೀತಂದ್ರ ಮುಗೀತು."

ಮೊನಾಲಾಗ್, ಅಂದರೆ ಒಬ್ಬರೇ ಆಡುವ ದೀರ್ಘ ಮಾತು ಕಲಿಸುವಾಗ ಒಬ್ಬೊಬ್ಬರನ್ನೇ ಕರೆದರು. ಮನೆಯಲ್ಲಿ ನಡೆದದ್ದು, ಯಾರಿಗೂ ಹೇಳದ್ದು, ಅದನ್ನು ಆಡಬೇಕು. ನನ್ನ ಸರದಿ ಬಂದಾಗ ಸಭಾಂಗಣ ಖಾಲಿ ಇತ್ತು. ಸರ್ ಕೊನೆಯ ಬೆಂಚಿನಲ್ಲಿ ಕೂತರು.

"ಗೆರಿ ಆಚೆ ಯಾರೂ ಇಲ್ಲವ್ವಾ. ನಾನೂ ಇಲ್ಲ. ಇಲ್ಲಿ ಆಡಿದ್ದು ಇಲ್ಲೇ ಇರತೈತಿ," ಎಂದರು.

ನಾನು ಹೇಳಿದೆ. ಅವ್ವ ಬಾಗಲಕೋಟೆಯ ದವಾಖಾನೆಯಲ್ಲಿ ಸಾಯುತ್ತಿದ್ದಳು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಫೋನು ಹೋಯಿತು. ಅಪ್ಪ ಬಸ್ಸು ಹತ್ತಿದ. ನಡುದಾರಿಯ ಕುಳಗೇರಿ ಕ್ರಾಸಿನಲ್ಲಿ ಇಳಿದ. ಚಹಾದಂಗಡಿಯ ಬೆಂಚಿನಲ್ಲಿ ಕೂತ. ಬಂದ ಬಸ್ಸುಗಳನ್ನೆಲ್ಲ ಬಿಟ್ಟ. ಅವ್ವನ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನು, ಒಬ್ಬಳೇ. ಅಪ್ಪ ಬಂದಾಗ ಎಲ್ಲ ಮುಗಿದಿತ್ತು. ಕ್ರಾಸಿನಲ್ಲಿ ಕೂತದ್ದನ್ನು ನನಗೊಬ್ಬಳಿಗೇ ಹೇಳಿ, "ಕಾಲ ಏಳಲಿಲ್ಲವ್ವಾ. ನೋಡೂ ಧೈರ್ಯ ಆಗಲಿಲ್ಲ," ಎಂದ. ಅಷ್ಟರಲ್ಲಿ ನಮ್ಮೂರು ಗುಡೂರಿನಿಂದ ನಮ್ಮವರು ಬಂದರು. ನೀರು ಬಿಟ್ಟವರು ಯಾರು ಎಂದು ಸೋದರತ್ತೆ ಕೇಳಿದಾಗ, ಅಪ್ಪ ಬಾಯಿ ತೆರೆಯುವ ಮೊದಲೇ ನಾನು "ಅಪ್ಪ" ಎಂದೆ. ಊರಲ್ಲಿ ಅದೇ ಮಾತು ನಿಂತಿತು. ಗಂಡನ ಕೈಯಿಂದ ನೀರು ಕುಡಿದು ಹೋದ ಪುಣ್ಯವಂತಿ ಎಂದರು. ಆ ಮಾತಿನ ಆಸರೆಯಲ್ಲೇ ಅಪ್ಪ ತಲೆ ಎತ್ತಿ ಓಣಿಯಲ್ಲಿ ಓಡಾಡಿದ. ನಾವಿಬ್ಬರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

ನಾನು ಮುಗಿಸಿದ ಮೇಲೆ ಸರ್ ಕನ್ನಡಕ ಒರೆಸಿಕೊಂಡರು. ಅವರು ಅತ್ತಿದ್ದರೆಂದು ನಾನು ಈಗಲೂ ನಂಬುತ್ತೇನೆ...

ಸರ್ ಆ ನಾಟಕವನ್ನು ನಮ್ಮ ಮಾತಿಗೆ ತಿರುಗಿಸಿ ಗ್ಯಾದರಿಂಗಿನಲ್ಲಿ ಆಡಿಸಿದರು. ಅಭಿನಯ ನನಗೆ ಒಗ್ಗಲಿಲ್ಲ, ಪ್ರಾಂಪ್ಟರ್ ಮಾಡಿದರು. ನಟರು ಮಾತು ಮರೆತರೆ ಮರೆಯಿಂದ ಪಿಸುಗುಟ್ಟಿ ನೆನಪಿಸುವ ಕೆಲಸ. ಮಗಳ ಪಾತ್ರ ನನ್ನ ಗೆಳತಿಗೆ ಸಿಕ್ಕಿತ್ತು. ಗುಡೂರಿನಿಂದ ಅಪ್ಪ ನಮ್ಮ ಓಣಿಯ ಕಾಕಾನ ಜೊತೆ ನಾಟಕ ನೋಡಲು ಬಂದಿದ್ದ. ಪರದೆಯ ಸಂದಿಯಿಂದ ಇಬ್ಬರೂ ಕಾಣುತ್ತಿದ್ದರು.

ಎರಡನೇ ಅಂಕದ ಕೊನೆಗೆ ಮಗಳು ತಾಯಿಯ ಸಾವು ನೆನೆದು ಆಡುವ ಮಾತು ಬರುತ್ತದೆ. ಗೆಳತಿ ಬಾಯಿ ತೆರೆದಳು. ನನ್ನ ಕೈಯಲ್ಲಿದ್ದ ಹಾಳೆಯ ಮಾತು ಅದಾಗಿರಲಿಲ್ಲ. ಮರೆತಳೆಂದುಕೊಂಡು ಸರಿಯಾದ ಮಾತು ಪಿಸುಗುಟ್ಟಿದೆ. ಇನ್ನಷ್ಟು ಜೋರಾಗಿ ಹೇಳಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. "ಅವ್ವನ ಬಾಯಿಗೆ ನಾ ನೀರ ಬಿಟ್ಟೆ. ಮಂದಿಗೆ ಅಪ್ಪ ಬಿಟ್ಟಾನಂತ ಹೇಳಿದೆ. ಅಪ್ಪ ಕುಳಗೇರಿ ಕ್ರಾಸಿನಾಗ ಇಳದು ಚಾ ಅಂಗಡ್ಯಾಗ ಕುಂತಿದ್ದ..." ಸರ್ ಊರಿನ ಹೆಸರನ್ನು ಕೂಡ ಬದಲಿಸಿರಲಿಲ್ಲ. ನನಗೆ ಹೇಳದೆ ಅವಳಿಗೆ ಬೇರೆಯಾಗಿ ಕಲಿಸಿದ್ದರು.

ಪರಿಚಿತ ಹೆಸರು ಕೇಳಿ ಜನ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಕೊನೆಗೆ ಚಪ್ಪಾಳೆ. ಹಿಂದಿನಿಂದ ಯಾರೋ ಕೂಗಿದರು, "ಒನ್ಸ್ ಮೋರ್!" ಇಡೀ ಸಭಾಂಗಣ ಅದನ್ನೇ ಕೂಗತೊಡಗಿತು. ಗೆಳತಿ ಏನು ಮಾಡಲೆಂದು ತಿಳಿಯದೆ ಸರ್ ಕಡೆ ನೋಡಿದಳು. ನಾನೂ ನೋಡಿದೆ. ರಂಗದ ಈಚೆಯಿಂದ ಬೇಡವೆಂದು ಕೈ ಜೋಡಿಸಿದೆ. ಸರ್ ನನ್ನನ್ನು ನೋಡಿದರು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಕಣ್ಣಿಗೆ ಕಣ್ಣು ಕೂಡಿತ್ತು. ಆಮೇಲೆ ಅವರು ಮುಖವನ್ನು ಅವಳ ಕಡೆ ಹೊರಳಿಸಿ, ಹೇಳು ಎಂಬಂತೆ ತಲೆಯಾಡಿಸಿದರು.

ಎರಡನೇ ಸಲ ಅವಳು ಇನ್ನೂ ಚೆನ್ನಾಗಿ ಹೇಳಿದಳು. ಕಾಕಾ ನಿಧಾನಕ್ಕೆ ತಿರುಗಿ ಅಪ್ಪನ ಮುಖ ನೋಡಿದ. ಮಾತು ಮುಗಿಯುವ ಮೊದಲೇ ಅಪ್ಪ ಎದ್ದು ಹೊರಟ.

ಮರುದಿನ ಸರ್ ಹತ್ತಿರ ಹೋಗಿ ಕೇಳಿದೆ. "ಸರ್, ಅದು ನಂದಿತ್ರಿ."

"ನಿಂದಂತ ನಾ ಯಾರ ಮುಂದರೆ ಹೇಳೀನೇನು? ಅದು ಪಾತ್ರದ ಮಾತು. ಮಂದಿ ಹೆಂಗ ಅತ್ತರು, ನೋಡಿದಿಲ್ಲೋ?"

"ನಮ್ಮಪ್ಪ ಬಂದಿದ್ದರಿ."

ಸರ್ ತರಗತಿಗೆ ಹೊತ್ತಾಯಿತೆಂದು ಹೊರಟುಹೋದರು.

ಓಣಿಯಲ್ಲಿ ಕಾಕಾ ಸುಮ್ಮನಿರಲಿಲ್ಲ. ಕಟ್ಟೆಯ ಮೇಲೆ ಕೂತವರು ಅಪ್ಪನನ್ನು ಕಂಡರೆ ಕರೆಯುತ್ತಿದ್ದರು: "ಬಾರಪಾ, ಚಾ ಕುಡೀಯಂತ. ಕ್ರಾಸಿನ ಚಾದಷ್ಟು ರುಚಿ ಇರಾಕಿಲ್ಲ ಬಿಡು!" ಅಪ್ಪ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದ. ನನ್ನನ್ನು ಬಯ್ಯಲಿಲ್ಲ. ಊಟಕ್ಕೆ ಕೂತಾಗ ಒಮ್ಮೆ ಮಾತ್ರ, "ನಿನಗೊಬ್ಬಾಕಿಗೇ ಹೇಳಿದ್ದೆ," ಎಂದ. ನಾನು ಸರ್ ಎಳೆದ ಗೆರೆಯ ಬಗ್ಗೆ, ಅವರು ಕೊಟ್ಟ ಮಾತಿನ ಬಗ್ಗೆ ಹೇಳಲು ನೋಡಿದೆ. ಅಪ್ಪ ತಾಟು ಸರಿಸಿ ಎದ್ದ. ಆಮೇಲೆ ನನ್ನೊಡನೆ ಮಳೆ, ಬಸ್ಸು, ಜೋಳದ ಧಾರಣೆ ಬಿಟ್ಟು ಬೇರೇನೂ ಆಡಲಿಲ್ಲ. ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಬೆಳೆದದ್ದು ನನಗೆ ತಿಳಿದದ್ದು ಕೊನೆಗೆ, ಅದೂ ಡಾಕ್ಟರರ ಬಾಯಿಂದ. ಒಂದು ವರ್ಷದಿಂದ ಒಬ್ಬನೇ ದವಾಖಾನೆಗೆ ಹೋಗಿಬರುತ್ತಿದ್ದನಂತೆ. ಮಗಳಿಗೆ ಹೇಳಬೇಡಿ ಎಂದಿದ್ದನಂತೆ...

ಸರ್ ಕೂಡ ಈಗಿಲ್ಲ. ಅವರು ಹೋದಾಗ ಹಳೆಯ ವಿದ್ಯಾರ್ಥಿಗಳು ನನ್ನಿಂದ ನಾಲ್ಕು ಒಳ್ಳೆಯ ಮಾತು ಕೇಳಿದ್ದರು. ಬರೆಯಲು ಆಗಲಿಲ್ಲ. ಒಳ್ಳೆಯ ಮಾತುಗಳೇನೂ ಸುಳ್ಳಾಗುತ್ತಿರಲಿಲ್ಲ. ನಾಟಕ ಓದುವುದನ್ನು ನನಗೆ ಕಲಿಸಿದವರು ಅವರೇ. ಇಂದಿಗೂ ನಾನು ಪಾಠ ಹೇಳುವುದು ಅವರ ರೀತಿಯಲ್ಲೇ.

ಹೋದ ವಾರ ಮೊನಾಲಾಗ್ ಬಗ್ಗೆ ಪಾಠ ಮಾಡಿ ಮುಗಿಸಿದ್ದೆ. ಎಲ್ಲರೂ ಹೋದರೂ ಒಬ್ಬ ಹುಡುಗಿ ಉಳಿದಳು. ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹತ್ತಿರ ಬಂದಳು.

"ಮೇಡಂ, ನಮ್ಮ ಮನ್ಯಾಗಿಂದು ಒಂದೈತ್ರಿ. ಯಾರಿಗೂ ಹೇಳಿಲ್ಲ. ನಿಮ್ಮ ಮುಂದ ಹೇಳ್ಲೇನ್ರಿ?"

"ಬ್ಯಾಡವ್ವಾ. ನನಗ ಹೇಳಬ್ಯಾಡ," ಎಂದೆ. ನನಗೇ ಅನಿರೀಕ್ಷಿತವಾಗುವಷ್ಟು ಬೇಗ ಆ ಮಾತು ಬಂದಿತ್ತು.

ಅವಳು "ಹೂನ್ರಿ" ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದಳು. ನಾನು ಅವಳನ್ನು ಕಾಪಾಡಿದೆನೋ, ಅವಳಿಗೆ ಬೇಕಾಗಿದ್ದ ಒಬ್ಬಳೇ ಒಬ್ಬಳನ್ನು ಇಲ್ಲವಾಗಿಸಿದೆನೋ... ಆಮೇಲೆ ದಿನಾ ತರಗತಿಗೆ ಬರುತ್ತಾಳೆ. ನನ್ನ ಕಡೆ ನೋಡುವುದಿಲ್ಲ.