ಹದಿನೇಳು ಇಂಚಿನ ಹೊಟ್ಟೆಕಿಚ್ಚು

ನಾಳೆ ಆಯುಧಪೂಜೆಯೆಂದು ಅಟ್ಟ ಗುಡಿಸುತ್ತಿದ್ದೆ, ಹಳೆಯ ಲ್ಯಾಪ್‌ಟಾಪ್ ಸಿಕ್ಕಿತು. ಅದು ಕೆಟ್ಟು ಕೂತು ಎಷ್ಟೋ ವರ್ಷವಾಗಿದೆ. ಮುಚ್ಚಳ ತೆರೆದರೆ ಸಂದಿಯಲ್ಲಿ ಇನ್ನೂ ಚೂರು ಕುಂಕುಮ. ಆ ಕುಂಕುಮ ನಮ್ಮ ಮನೆಯದಲ್ಲ, ಸ್ವಾಮಿ. ಅದರ ಕತೆ ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋಗಲಿ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಅತ್ತಿಗುಪ್ಪೆಯಲ್ಲಿ ನಾವು, ಚಂದ್ರಾ ಲೇಔಟಿನಲ್ಲಿ ನನ್ನ ಷಡ್ಡಕ ಪ್ರಕಾಶ. ಮನೆಗಳ ಪ್ಲಾನ್ ಬರೆಯುವುದು ಅವನ ಕೆಲಸ. ನೆಂಟರಲ್ಲಿ ಯಾರು ಕಂಪ್ಯೂಟರ್ ಕೊಳ್ಳಬೇಕಾದರೂ ನನ್ನನ್ನು ಕರೆದುಕೊಂಡು ಹೋಗುವುದು ವಾಡಿಕೆ. ನಾನು ಎರಡು ಸಲ ಕೆಮ್ಮಿ, ಮೌಸ್ ಅಲ್ಲಾಡಿಸಿ, 'ಪರವಾಗಿಲ್ಲ' ಅಂದರೆ ಮುಗಿಯಿತು. ಪ್ರಕಾಶ ಮಾತ್ರ ಹೇಳದೆ ಕೇಳದೆ ಹದಿನೇಳು ಇಂಚಿನ ಲ್ಯಾಪ್‌ಟಾಪ್ ತಂದುಬಿಟ್ಟ. ಆಯುಧಪೂಜೆಗೆ ಹೋದಾಗ ಅದು ಸ್ಕೂಟರ್ ಕೀ, ಸ್ಕೇಲು, ಟೇಪುಗಳ ನಡುವೆ ಸೇವಂತಿಗೆ ಮುಡಿದು ಕೂತಿತ್ತು. ಅವನ ಹೆಂಡತಿ ಗೀತಾ ಅರಿಶಿನ ಕುಂಕುಮ ಧಾರಾಳವಾಗಿಯೇ ಇಟ್ಟಿದ್ದಳು. ಪ್ರಕಾಶ ಆನ್ ಮಾಡಿದ. ಇಡೀ ಮನೆಯ ಪ್ಲಾನು, ಬಚ್ಚಲು ಸಮೇತ, ಒಂದೇ ನೋಟಕ್ಕೆ ಕಾಣುತ್ತಿತ್ತು. ನನ್ನ ಹೊಟ್ಟೆಯಲ್ಲಿ ಒಗ್ಗರಣೆ ಸಿಡಿಯಿತು.

"ನೀವೊಂದ್ಸಲ ನೋಡಿ ಹೇಳಿ ಭಾವ. ಬೇಡ ಅಂದ್ರೆ ಒಂದು ವಾರದೊಳಗೆ ಬದಲಾಯಿಸಿ ಕೊಡ್ತಾರಂತೆ," ಅಂದ.

ತೊಡೆಯ ಮೇಲಿಟ್ಟುಕೊಂಡೆ, ಎತ್ತಿ ತೂಗಿದೆ, ತಳಕ್ಕೆ ಕೈಯಿಟ್ಟು ನೋಡಿದೆ. "ಭಾರ ಕಣಯ್ಯಾ. ಬಿಸಿ ಬೇರೆ. ಬ್ಯಾಟರಿ ಒಂದು ಗಂಟೇನೂ ಬರಲ್ಲ. ಸೈಟಿಗೆ ಇದನ್ನ ಹೊರೋಕೆ ಇನ್ನೊಬ್ಬನ್ನ ಇಟ್ಕೋಬೇಕಾಗತ್ತೆ." ಒಂದೊಂದರಲ್ಲೂ ಅರ್ಧ ನಿಜವಿತ್ತು.

"ಪೂಜೆ ಮಾಡಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ?" ಎಂದು ಗೀತಾ ಗೊಣಗಿದಳು.

"ಭಾವ ಹೇಳಿದ್ಮೇಲೆ ಮುಗೀತು," ಅಂದ ಪ್ರಕಾಶ. ಮೂರನೇ ದಿನ ಅದನ್ನು ಕೊಟ್ಟು ಅಂಗೈಯಗಲದ್ದೊಂದು ತಂದ.

ನಾನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುವಾರ, ಸುಮ್ಮನೆ ನೋಡಿಬರೋಣವೆಂದು ಅವನು ಕೊಂಡಿದ್ದ ರಾಜಾಜಿನಗರದ ಅಂಗಡಿಗೆ ಹೋದೆ. ವಾಪಸು ಬಂದ ಮಾಲೆಂದು ಅದನ್ನೇ ಕಡಿಮೆ ಬೆಲೆಗೆ ಇಟ್ಟಿದ್ದರು. ತಾನೂ ತಿನ್ನ, ಪರರಿಗೂ ಕೊಡ ಅನ್ನುತ್ತಾರಲ್ಲ, ಅಂಥವನು ನನಗಿಂತ ವಾಸಿ. ನಾನು ಪ್ರಕಾಶನ ಎಲೆಯಿಂದಲೇ ಎತ್ತಿಕೊಂಡು ತಿಂದೆ.

ಸಂದಿಯ ಕುಂಕುಮ ಕಂಡದ್ದು ಮನೆಗೆ ತಂದ ಮೇಲೆ. ಕಡ್ಡಿಯಿಂದ ಕೆರೆದರೂ ಹೋಗಲಿಲ್ಲ. ದೀಪಾವಳಿಗೆ ಬಂದ ಪ್ರಕಾಶ ಮುಚ್ಚಳ ತೆರೆದು, ಆ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. "ಚೆನ್ನಾಗಿದೆ ಭಾವ. ಸ್ಕ್ರೀನ್ ದೊಡ್ಡದು," ಅಂದ. ಅಷ್ಟೇ. ಆಮೇಲೆ ಎಷ್ಟೋ ವರ್ಷ ಅವನು ಆ ಪುಟ್ಟ ಪರದೆಗೆ ಮೂಗು ತಾಗಿಸಿಕೊಂಡು ಪ್ಲಾನ್ ಬರೆದ. ನಾನು ದೊಡ್ಡದರಲ್ಲಿ ಇಸ್ಪೀಟು ಆಡಿದೆ.

ಧೂಳು ಒರೆಸುತ್ತಿರುವಾಗಲೇ ಫೋನು ಬಂತು, ಪ್ರಕಾಶನದೇ. "ಮಗಳಿಗೊಂದು ಲ್ಯಾಪ್‌ಟಾಪ್ ತಂದಿದೀನಿ ಭಾವ. ನಾಳೆ ಪೂಜೆಗೆ ಬನ್ನಿ." 'ನೋಡಿ ಹೇಳಿ' ಅನ್ನಲಿಲ್ಲ. ಅದು ಚುಚ್ಚಿತು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ.

"ಪ್ರಕಾಶ, ಅವತ್ತು ನಾನು ಹೊಟ್ಟೆಕಿಚ್ಚಿಗೆ ಹಾಗಂದೆ ಕಣೋ," ಅಂದುಬಿಟ್ಟೆ.



"ಗೊತ್ತು ಭಾವ," ಅಂದ. "ಅದಕ್ಕೇ ಈ ಸಲ ಬದಲಾಯಿಸೋ ವಾರ ಮುಗಿದ ಮೇಲೆ ಕರೀತಾ ಇದೀನಿ."