ತಾರಸಿಗೆ ಹಾಕಿದ ನೀರು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಸೂರನ್ನು. ಅರಿಶಿನ ಕುಂಕುಮಕ್ಕೆ ಕರೆದವರು ಬಟ್ಟಲು ಹಿಡಿದು ನಿಂತಿರುತ್ತಾರೆ. ನಾನು ಕತ್ತೆತ್ತಿ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಕಂದು ಕಲೆ ಬಿದ್ದಿದೆ ಎಂದು ಹುಡುಕುತ್ತಿರುತ್ತೇನೆ. ನನ್ನ ಮಗ ಶಿವಣ್ಣನಿಗೆ ಇದೊಂದು ಅವಮಾನ. “ಅವ್ವ, ಮನೆ ಕೊಂಡ್ಕಳಕ್ಕೆ ಬಂದೋಳಂಗೆ ನೋಡ್ತೀಯಲ್ಲ, ಜನ ಏನಂದ್ಕೊಂಡಾರು?” ಎನ್ನುತ್ತಾನೆ. ಜನ ಏನಾದರೂ ಅಂದುಕೊಳ್ಳಲಿ. ಸೂರು ಸರಿಯಿದ್ದರೆ ಕೆಳಗಿರುವವರು ಹೇಗೋ ಬದುಕಿಕೊಳ್ಳುತ್ತಾರೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಕೈಲಾಂಚದ ಹತ್ತಿರ ನಾನು ಹುಟ್ಟಿದ ಮನೆಗೆ ಕಲ್ಲುಚಪ್ಪಡಿಯ ಸೂರಿತ್ತು. ನಮ್ಮ ಕಡೆ ಬಂಡೆಗೇನು ಬರ? ಚಪ್ಪಡಿ ಸೀಳಿ ತಂದು ಗೋಡೆಯ ಮೇಲೆ ಮಲಗಿಸಿದರೆ ಮುಗಿಯಿತು. ಅದಕ್ಕೆ ಆರೈಕೆ ಬೇಡ, ಉಪಚಾರ ಬೇಡ. ಅತ್ತೆಯಂತೆ ಅದು ಮೇಲೆಯೇ ಕೂತಿರುತ್ತದೆ. ಕಾಂಕ್ರೀಟು ಹಾಗಲ್ಲ. ಅದನ್ನು ಸುರಿದು ಮೇಸ್ತ್ರಿಗಳು ಕೈ ತೊಳೆದುಕೊಂಡು ಹೋದ ಮೇಲೆಯೇ ಮನೆಯವರ ಕೆಲಸ ಶುರು. ಎರಡು ಮೂರು ವಾರ ಅದಕ್ಕೆ ನೀರು ಕುಡಿಸಬೇಕು. ಕುಡಿಸದಿದ್ದರೆ ಒಣಗಿ ಬಿರಿಯುತ್ತದೆ. ಇದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲಿ ಇಂಗ್ಲಿಷು ಇರಲಿಲ್ಲ. ಆದರೂ ಈ ಮಾತು ನನಗೆ ಚೆನ್ನಾಗಿ ಗೊತ್ತು.

ಹೇಗೆಂದರೆ, ಶಿವಣ್ಣ ರೇಷ್ಮೆಹುಳು ಸಾಕಲು ಮನೆ ಕಟ್ಟಿಸಿದಾಗ ಅದರ ಕಾಂಕ್ರೀಟ್ ಮೋಲ್ಡಿಗೆ ನೀರು ನಿಲ್ಲಿಸಿದವಳು ನಾನು. ರಾಗಿ ಸಸಿ ಎಬ್ಬಿಸಲು ಒಟ್ಟಲು ಪಾತಿ ಮಾಡುತ್ತೇವಲ್ಲ, ಹಾಗೆಯೇ ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ, ಚೌಕ ಚೌಕ ಮಾಡಿ, ಒಂದೊಂದರಲ್ಲೂ ಬೆರಳುದ್ದ ನೀರು ನಿಲ್ಲಿಸಿದೆ. ಮೇಸ್ತ್ರಿ ಬಂದು ನೋಡಿ, “ಅಜ್ಜಿ, ನಾಟಿ ಒಂದು ಹಾಕ್ಬುಡು, ಬೆಳೆ ಬತ್ತದೆ” ಎಂದ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಅವತ್ತಿನಿಂದ ಕಾಂಕ್ರೀಟಿನ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬು.

ಅವತ್ತು ಹಾಕಿದ್ದು ಯಾವ ನೀರು ಎಂಬುದನ್ನೂ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅಲ್ಲಿಂದಲೇ ಬಂದದ್ದು. ನಮ್ಮಲ್ಲಿ ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಕುಡಿಯುವ ಸೀನೀರನ್ನು ಬಿಂದಿಗೆ ಲೆಕ್ಕದಲ್ಲಿ ತಂದು ಮುಚ್ಚಿಡುತ್ತೇವೆ. ಬೇಳೆ ಬೇಯದ, ಸೋಪು ನೊರೆ ಬಿಡದ ಬೋರ್‌ವೆಲ್ ನೀರು ದನ ತೊಳೆಯಲು, ಅಂಗಳ ಸಾರಿಸಲು, ಗೋಡೆಗೆ ಎರಚಲು; ತಾರಸಿಗೆ ನಿಲ್ಲಿಸಿದ್ದೂ ಅದನ್ನೇ. ಸೀನೀರನ್ನು ಸಿಮೆಂಟಿಗೆ ಸುರಿಯುವ ಹೆಂಗಸನ್ನು ನಮ್ಮೂರಿನಲ್ಲಿ ಯಾರೂ ಒಳ್ಳೆಯ ಮಾತಿನಲ್ಲಿ ಕರೆಯುವುದಿಲ್ಲ.

ನನ್ನ ಮಗಳು ಸಾವಿತ್ರಿ ಟೀಚರು. ಕೆಲಸ ಸಿಕ್ಕಿದ್ದು ಉಡುಪಿಯ ಕಡೆ, ಸಮುದ್ರದ ಮಗ್ಗುಲಿನ ಒಂದು ಊರಿನಲ್ಲಿ. ಅದೇ ಶಾಲೆಯ ಮೇಷ್ಟ್ರು ದಿನೇಶನನ್ನು ಮದುವೆಯಾದಳು. ಅತ್ತೆಯ ಹಂಚಿನ ಮನೆಯ ಪಕ್ಕದಲ್ಲೇ, ಅದೇ ಹಿತ್ತಿಲಿನಲ್ಲಿ, ಗಂಡಹೆಂಡಿರು ಕಾಂಕ್ರೀಟಿನ ಮನೆ ಕಟ್ಟಲು ಹೊರಟರು. ಮಳೆಗಾಲ ಹಿಡಿಯುವ ಮೊದಲು ಸ್ಲ್ಯಾಬ್ ಆಗಬೇಕು, ಇಬ್ಬರಿಗೂ ಶಾಲೆಯ ಕೆಲಸ ಇನ್ನೂ ಮುಗಿದಿಲ್ಲ. “ಅವ್ವ, ಬಂದು ಹದಿನೈದು ದಿನ ಇದ್ದು ಹೋಗು” ಎಂದಳು. ಹೋದೆ.

ಅಲ್ಲಿನ ಗಾಳಿಯೇ ಬೇರೆ. ಒಗೆದ ಸೀರೆ ಸಂಜೆಗೂ ತಣ್ಣಗೆ. ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ವಾರದೊಳಗೆ ತುಕ್ಕು ಹಿಡಿದು ಸೆರಗಿಗೆ ಕಲೆ ಮಾಡಿತು. ಮೇಸ್ತ್ರಿ ಶೇಖರ ಸ್ಲ್ಯಾಬಿನ ಕಂಬಿಯ ಕೆಳಗೆಲ್ಲ ಗಾರೆಯ ದಪ್ಪ ಬಿಲ್ಲೆಗಳನ್ನು ಇಡುತ್ತಿದ್ದ. ನಮ್ಮ ಕಡೆ ಒಂದು ಜಲ್ಲಿ ಚೂರು ಸಿಕ್ಕಿಸಿದರೆ ಆಯಿತು. “ಇಷ್ಟು ದಪ್ಪ ಯಾಕಪ್ಪ?” ಎಂದೆ. “ಇಲ್ಲಿಯ ಗಾಳಿಯಲ್ಲಿ ಉಪ್ಪು ಉಂಟು ಅಮ್ಮ. ಕಬ್ಬಿಣ ಎಲ್ಲುಂಟು ಅಂತ ಹುಡುಕಿಕೊಂಡು ಬರ್ತದೆ. ಒಳಗೆ ಆಳದಲ್ಲಿ ಅಡಗಿಸಿ ಇಡ್ಬೇಕು” ಎಂದ. ಕೆಲಸ ಎಳೆಯಲು ಹೇಳುತ್ತಿದ್ದಾನೆ ಎಂದುಕೊಂಡೆ. ತುಕ್ಕು ಹಿಡಿದ ಪಿನ್ನು ಕಣ್ಣೆದುರಿಗೇ ಇತ್ತು. ನೋಡಬೇಕಾದದ್ದನ್ನು ನಾನು ನೋಡಲಿಲ್ಲ.

ಬೀಗಿತ್ತಿ ಗಿರಿಜಕ್ಕನ ಮಾತಿಗೆ ಬರುತ್ತೇನೆ. ನನಗೂ ಆಕೆಗೂ ಮೊದಲಿನಿಂದ ಅಷ್ಟಕ್ಕಷ್ಟೆ. ನಾನು ಮುದ್ದೆ ಕಟ್ಟಿದರೆ ಆಕೆ ಬಾಗಿಲಲ್ಲಿ ನಿಂತು, “ಇದನ್ನು ಅಗಿಯದೆ ನುಂಗುವುದಾ? ಗಂಟಲಿಗೆ ಎಂತ ಆಗುದಿಲ್ವಾ?” ಎನ್ನುವಳು. ಆಕೆಯ ಕೆಂಪಕ್ಕಿ ಅನ್ನ ನೋಡಿ ನಾನು, “ಇದೇನು ಹುರುಳಿಕಾಳೋ ಅನ್ನವೋ?” ಎನ್ನುವೆ. ಸಾವಿತ್ರಿ ನಡುವೆ ಕೂತು ಎರಡನ್ನೂ ತಿನ್ನುವಳು.

ಸ್ಲ್ಯಾಬ್ ಬಿದ್ದ ಮರುದಿನ ಗಿರಿಜಕ್ಕ ತಂಗಿಯ ಮನೆಯ ಪೂಜೆಗೆಂದು ಎರಡು ದಿನ ಹೋದಳು. ನಾನು ಸೆರಗು ಸಿಕ್ಕಿಸಿ ಕ್ಯೂರಿಂಗಿಗೆ ನಿಂತೆ. ಆ ಹಿತ್ತಿಲಿನಲ್ಲಿ ಎರಡು ಬಾವಿ. ಹಳೆಯ ಮನೆಯ ಅಂಗಳದ ಬಾವಿ ಕುಡಿಯಲು, ಕಲ್ಲುಸಕ್ಕರೆ ನೀರು. ಕೆಳಗೆ ತೆಂಗಿನ ಗಿಡಗಳ ಹತ್ತಿರ, ಸಮುದ್ರದ ದಿಕ್ಕಿಗೆ ಇನ್ನೊಂದು. ಶೇಖರ ಮೇಲಿನ ಬಾವಿಯಿಂದ ಪಂಪು, ಪೈಪು ಎಲ್ಲ ಎಳೆದು ಸಿದ್ಧ ಮಾಡಿದ್ದ. ನನಗೆ ಹೊಟ್ಟೆ ಉರಿಯಿತು. ಕುಡಿಯುವ ನೀರನ್ನು ಸಿಮೆಂಟಿಗೆ! ಕೆಳಗಿನ ಬಾವಿಯ ನೀರನ್ನು ಬಾಯಿಗೆ ಬಿಟ್ಟುಕೊಂಡು ನೋಡಿದೆ. ಉಪ್ಪುಪ್ಪು. ಸರಿ, ತಾರಸಿಗೆ ಇದೇ ಲಾಯಕ್ಕು ಎಂದು ತೀರ್ಮಾನಿಸಿ, ಪೈಪು ಸುತ್ತಿಟ್ಟು, ಎರಡು ದಿನ, ಗಂಡಹೆಂಡಿರು ಶಾಲೆಗೆ ಹೋದ ಹೊತ್ತಿನಲ್ಲಿ, ಆ ನೀರನ್ನೇ ಸೇದಿ ಸೇದಿ ಹೊತ್ತು ಪಾತಿ ತುಂಬಿಸಿದೆ. ಸೊಂಟ ಬಿದ್ದುಹೋಯಿತು. ಮಗಳ ಮನೆಗೆ ಇಷ್ಟಾದರೂ ಮಾಡಿದೆನಲ್ಲ ಎಂಬ ಹೆಮ್ಮೆ ಬೇರೆ.

ಮೂರನೆಯ ದಿನ ಮಧ್ಯಾಹ್ನ ಗಿರಿಜಕ್ಕ ಬಂದವಳೇ ಮೇಲೆ ಹತ್ತಿದಳು. ಬದುವಿನ ಅಂಚಿನಲ್ಲಿ ನೀರು ಆರಿದ ಕಡೆ ಬಿಳಿಯ ಗೆರೆ ಮೂಡಿತ್ತು. ಅದನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡಳು.

“ಎಲ್ಲಿಯ ನೀರು ಇದು?”

“ಕೆಳಗಿನ ಬಾವೀದು. ನಿಮ್ಮ ಸೀನೀರು ಒಂದು ತೊಟ್ಟೂ ಮುಟ್ಟಿಲ್ಲ ಕಣ್ರಿ, ಹಂಗೇ ಉಳ್ಸಿವ್ನಿ” ಎಂದೆ ನಾನು, ಬಹುಮಾನಕ್ಕೆ ಕೈ ಒಡ್ಡಿದವಳ ಹಾಗೆ.

ಆಕೆ ಎರಡು ಮೆಟ್ಟಿಲು ಇಳಿದು ಅಲ್ಲೇ ಕೂತುಬಿಟ್ಟಳು. “ಅಯ್ಯೋ ಮಾರಾಯ್ರೇ, ಆ ಬಾವಿಗೆ ಬೇಸಗೆಯಲ್ಲಿ ಸಮುದ್ರದ ನೀರು ಬರ್ತದೆ. ಆ ಉಪ್ಪು ಒಳಗೆ ಇಳಿದರೆ ಕಬ್ಬಿಣವನ್ನು ತಿಂದು ಹಾಕ್ತದೆ. ಒಳಗಿನಿಂದಲೇ ಊದಿ ಊದಿ ಸ್ಲ್ಯಾಬ್ ಉದುರಿ ಬೀಳ್ತದೆ.”

ಗಾಳಿಯ ಉಪ್ಪಿಗೆ ಹೆದರಿ ಆ ಮೇಸ್ತ್ರಿ ಕಬ್ಬಿಣವನ್ನು ಅಡಗಿಸಿಟ್ಟಿದ್ದ; ನಾನು ಅದೇ ಉಪ್ಪನ್ನು ಬಿಂದಿಗೆಯಲ್ಲಿ ಹೊತ್ತು ತಂದು ಮೇಲಿಂದ ಸುರಿದಿದ್ದೆ. ಮಗಳು ಮಕ್ಕಳು ಮರಿ ಮಲಗಬೇಕಾದ ಸೂರಿಗೆ.

ಸಂಜೆ ಶೇಖರ ಬಂದ. ಸಾವಿತ್ರಿ, ದಿನೇಶ ಶಾಲೆಯಿಂದ ಬಂದು ನಿಂತಿದ್ದರು. ಶೇಖರ ನೀರು ಮುಟ್ಟಿ ನೋಡಿ ಕೆಂಪಗಾದ. “ಯಾರು ಇದನ್ನು ಹಾಕಿದ್ದು? ಪೈಪು ಎಳೆದು ಕೊಟ್ಟು ಹೋಗಿದ್ದೇನಲ್ಲ ನಾನು?”

ಊರಲ್ಲಿ ಯಾರ ತಪ್ಪನ್ನಾದರೂ ಮುಖಕ್ಕೆ ಹೊಡೆದ ಹಾಗೆ ಹೇಳುವವಳು ನಾನು. ಆ ಸಂಜೆ ನನ್ನದನ್ನು ಹೇಳಲಾರದೆ ಮಗಳ ಮುಖ ನೋಡಿದೆ.

“ನಾನು ಮಾರಾಯ” ಎಂದಳು ಗಿರಿಜಕ್ಕ. “ಹೋಗುವಾಗ ಕೆಳಗಿನ ಬಾವಿಯದ್ದು ಹಾಕಿ ಅಂತ ಹೇಳಿ ಹೋದದ್ದು ನಾನೇ. ತಲೆಯೇ ಓಡ್ಲಿಲ್ಲ.”

“ಹುಟ್ಟಿದಾಗಿಂದ ಇಲ್ಲಿಯೇ ಇರುವವರು ನೀವು! ಹೊರಗಿನವರಾದರೆ ಗೊತ್ತಿಲ್ಲ ಅನ್ನಬಹುದು” ಎಂದು ಶೇಖರ ಬೈಯಲು ಶುರುಮಾಡಿದ. ಆಕೆ ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡಳು. ಸಾವಿತ್ರಿಯೂ, “ಎಂಥಾ ಕೆಲ್ಸ ಮಾಡ್ಬಿಟ್ರಿ ಅತ್ತೆ” ಎಂದು ಮುಖ ಸಿಂಡರಿಸಿದಳು. ನಾನು ಕಂಬದ ಹಾಗೆ ನಿಂತಿದ್ದೆ.

ಬದು ಒಡೆದು ನೀರನ್ನೆಲ್ಲ ಹರಿಸಿ, ಸೀನೀರಿನಲ್ಲಿ ಮೂರು ಸಲ ತೊಳೆದು, ಮತ್ತೆ ಸೀನೀರು ಕಟ್ಟಿ ದಿನಾ ಬದಲಿಸಬೇಕು ಎಂದ ಶೇಖರ. “ಎರಡೇ ದಿನ ಆದದ್ದು ಪುಣ್ಯ. ಆದರೂ ಗ್ಯಾರಂಟಿ ಕೊಡುವುದಿಲ್ಲ. ಒಂದಷ್ಟು ಮಳೆಗಾಲ ಹೋದ ಮೇಲೆ ಸ್ಲ್ಯಾಬೇ ಹೇಳ್ತದೆ.”

ಆ ಹೊತ್ತಿಗೆ ಸರಿಯಾಗಿ ಕರೆಂಟು ಕೈಕೊಟ್ಟು ಪಂಪು ನಿಂತಿತು. ನಾವಿಬ್ಬರು ಹೆಂಗಸರೇ ಮೇಲಿನ ಬಾವಿಯಿಂದ ಹೊತ್ತೆವು. ಆಕೆ ಸೇದುವುದು, ನಾನು ಹೊರುವುದು. ನಾಲ್ಕು ಬಿಂದಿಗೆಯಾದ ಮೇಲೆ ಕೇಳಿದೆ, “ಯಾಕ್ರಿ ಹಂಗಂದ್ರಿ? ತಪ್ಪು ನಂದಲ್ವಾ?”

“ನಿಮ್ಮನ್ನು ಬೈದರೆ ನೀವು ನಾಳೆ ಬೆಳಿಗ್ಗೆ ಬಸ್ಸು ಹತ್ತುತ್ತೀರಿ. ಇಷ್ಟು ನೀರು ನಾನೊಬ್ಬಳೇ ಹೊರುವುದಾ?” ಎಂದಳು. ಹಗ್ಗ ಜಗ್ಗುತ್ತಲೇ ಇದ್ದಳು, ನನ್ನ ಕಡೆ ತಿರುಗಲಿಲ್ಲ. ಆಮೇಲೆ ಮೆಲ್ಲಗೆ ಅಂದಳು, “ನನಗೆ ಬೈಗುಳ ತಿಂದು ಅಭ್ಯಾಸ ಉಂಟು. ನಿಮಗಿಲ್ಲ, ನೋಡಿದರೇ ಗೊತ್ತಾಗ್ತದೆ.”

ಹದಿನೈದು ದಿನಕ್ಕೆ ಹೋದವಳು ತಿಂಗಳಿದ್ದೆ. ಬರುವ ಹೊತ್ತಿಗೆ ಆಕೆ ಮುದ್ದೆ ಉಣ್ಣಲು ಕಲಿತಿದ್ದಳು, ಆದರೆ ಅಗಿದೇ.

ಅಲ್ಲಿಂದೀಚೆಗೆ ಎಷ್ಟೋ ಮಳೆಗಾಲ ಹೋದವು. ಕರಾವಳಿಯ ಮಳೆ ಎಂದರೆ ಒಸಿ ಹನಿದು ಹೋಗುವ ನಮ್ಮ ಮಳೆಯಲ್ಲ. ಸ್ಲ್ಯಾಬಿನ ಮೇಲೆ ತಿಂಗಳುಗಟ್ಟಲೆ ಕೂತು ಕುಟ್ಟುತ್ತದೆ. ಪ್ರತಿ ವರ್ಷ ಹೋಗಿ ಟಾರ್ಚು ಹಾಕಿ ಮೂಲೆಮೂಲೆ ನೋಡುತ್ತೇನೆ. ಒಂದು ಕಂದು ಗೆರೆ ಬಂದಿಲ್ಲ, ಒಂದು ಹಕ್ಕಳೆ ಎದ್ದಿಲ್ಲ. ಹೋದ ವರ್ಷ ಶೇಖರನೇ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, “ಇನ್ನು ಹೆದರುವುದು ಬೇಡ” ಎಂದ. ನಾನು ದೇವರ ಮುಂದೆ ಅಳುವವಳಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಥ್ಯಾಂಕ್ಸ್ ಎನ್ನುವುದು ನಮ್ಮ ಕಡೆ ಹೆಂಗಸರ ಬಾಯಿಗೆ ಬರುವುದಿಲ್ಲ. ಪಕ್ಕದ ಮನೆಯವರು ಬಟ್ಟಲಲ್ಲಿ ಸಾರು ಕೊಟ್ಟರೆ ಆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಅಷ್ಟೆ. ಹಾಗಾಗಿ ವರ್ಷಾ ವರ್ಷಾ ಮಾಗಡಿಯ ಸೊಗಡಿನ ಅವರೆಕಾಯಿ, ಹೊಸ ರಾಗಿಹಿಟ್ಟು ಗಿರಿಜಕ್ಕನಿಗೆ ಬಸ್ಸಿನಲ್ಲಿ ಹೋಗುತ್ತದೆ. ಆದರೆ ಆಕೆ ಕೊಟ್ಟ ಬಟ್ಟಲು ಇದರಿಂದ ತುಂಬುವಂಥದ್ದಲ್ಲ. ಸಾವಿತ್ರಿ ಇವತ್ತಿಗೂ ನಂಟರು ಸೇರಿದಲ್ಲೆಲ್ಲ, “ನಮ್ಮತ್ತೆ ಸ್ಲ್ಯಾಬಿಗೆ ಉಪ್ಪುನೀರು ಹಾಕ್ಸಿದ್ರು” ಎಂದು ನಗಿಸುತ್ತಾಳೆ. ಗಿರಿಜಕ್ಕನೂ ನಗುತ್ತಾಳೆ. ನಾನು ಎದ್ದು ಒಳಗೆ ಹೋಗುತ್ತೇನೆ.

ಇನ್ನು ಸಾಕು, ನಿಜ ಬರೆದುಬಿಡುತ್ತೇನೆ ಎಂದು ಮೊನ್ನೆ ಫೋನು ಮಾಡಿ ಆಕೆಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

“ಬೇಡವೇ ಬೇಡ ಮಾರಾಯ್ರೇ” ಎಂದಳು. “ಇಷ್ಟು ವರ್ಷದಲ್ಲಿ ನಿಮ್ಮ ಮಗಳಿಗೆ ನನ್ನ ಮೇಲೆ ಇರುವ ದೂರು ಅದೊಂದೇ. ಅದನ್ನೂ ತೆಗೆದುಬಿಟ್ಟರೆ ಅವಳು ಹೊಸತು ಹುಡುಕುತ್ತಾಳೆ. ಹುಡುಕಿದರೆ ಸಿಗ್ತದೆ.”

ಆಕೆ ಹೇಳಿದ್ದರಲ್ಲಿ ಬುದ್ಧಿಯಿದೆ. ಆದರೆ ಅವತ್ತು ಶೇಖರನ ಮುಂದೆ ಆಕೆಯ ಮಾತಿಗೆ ಬಿಟ್ಟು ಬಾಯಿ ಮುಚ್ಚಿಕೊಂಡು ನಿಂತೆ, ಅದು ಇವತ್ತಿಗೂ ಚುಚ್ಚುತ್ತದೆ. ಈ ಸಲ ಕೇಳುವುದಿಲ್ಲ. ಸಾವಿತ್ರಿ, ಆ ನೀರು ಹಾಕಿದ್ದು ನಾನು ಕಣೇ. ಅತ್ತೆಯ ಮೇಲೆ ಬೇರೆ ದೂರು ಬೇಕಿದ್ದರೆ ನಾನೇ ನಾಲ್ಕು ಹೇಳಿಕೊಡುತ್ತೇನೆ.